ಬ್ರಾಂಡ್‌ವೋಲ್ಡರ ಗುಡ್ಡಕ್ಕೆ ಗಾಡಿ ಬರುವುದಿಲ್ಲ

ಲಿಂಡಾಲ್, ಅಯೋವಾ
ಬುಧವಾರ, 19 ಜುಲೈ 2023

ಪ್ರೀತಿಯ ಡುವೇನಣ್ಣಾ,

ಹೇಗಿದ್ದೀಯ? ಕಣ್ಣಿನ ಪೊರೆ ತೆಗೆಸಿಕೊಂಡೆ ಎಂದು ಕ್ರಿಸ್ಮಸ್ ಕಾರ್ಡಿನಲ್ಲಿ ಒಂದೇ ಸಾಲು ಬರೆದಿದ್ದೆ. ಆಮೇಲೆ ಏನಾಯಿತು, ದೋಣಿ ನಡೆಸುವಷ್ಟು ಕಾಣಿಸುತ್ತದೆಯೇ ಎಂದು ತಿಳಿಸಲೇ ಇಲ್ಲ. ಮಂಡಿನೋವು ಹೇಗಿದೆ? ಅಲಾಸ್ಕಾದಲ್ಲಿ ಜುಲೈ ತಿಂಗಳಲ್ಲೂ ಸ್ವೆಟರ್ ಬೇಕಾಗುತ್ತದಂತೆ, ಹಾಕಿಕೊಳ್ಳುತ್ತಿದ್ದೀಯ ತಾನೇ? ಇಲ್ಲಿ ಮಾತ್ರ ಬೆಳಗಿನ ಏಳಕ್ಕೇ ಬೆವರು. ಮೆಕ್ಕೆಜೋಳ ನನ್ನ ತಲೆಯನ್ನು ಮೀರಿ ನಿಂತಿದೆ, ತಿರುವಿನಲ್ಲಿ ಎದುರಿನ ಗಾಡಿ ಕಾಣುವುದಿಲ್ಲ. ನೀನು ಕಳಿಸಿದ ಮೀನಿನ ಡಬ್ಬಿಗಳಲ್ಲಿ ಇನ್ನೂ ಎರಡು ಉಳಿದಿವೆ. ಒಬ್ಬಳೇ ತಿನ್ನಲು ಮನಸ್ಸು ಬರದೆ ಇಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ. ಸ್ಕೂಲ್ ಬಸ್ಸಿನ ಕೆಲಸ ಬಿಟ್ಟು ಎರಡು ವರ್ಷವಾದರೂ ಬೆಳಗ್ಗೆ ಐದಕ್ಕೆ ಎಚ್ಚರವಾಗುವುದು ತಪ್ಪಿಲ್ಲ. ಮೂವತ್ತೊಂದು ವರ್ಷ ಬಸ್ಸು ಹೊರಡಿಸುವ ಮೊದಲು ಇಳಿದು ನಾಲ್ಕೂ ಚಕ್ರದಡಿ ಬಗ್ಗಿ ನೋಡುತ್ತಿದ್ದೆ. ಮಕ್ಕಳು ಕಿಟಕಿಯಿಂದ ತಲೆ ಹಾಕಿ, "ಬರ್ನಿ ಅಜ್ಜಿ, ಬೆಕ್ಕು ಸಿಕ್ತಾ?" ಎಂದು ನಗುತ್ತಿದ್ದವು. ಯಾಕೆ ನೋಡುತ್ತಿದ್ದೆನೆಂದು ನಿನಗೊಬ್ಬನಿಗೆ ಗೊತ್ತು.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಊರಿನ ಗ್ರಂಥಾಲಯದವರು ಆಗಸ್ಟ್ ಹನ್ನೆರಡರ ರಾತ್ರಿ ಎಲ್ಲರನ್ನೂ ಕೂಡಿಸಿ ಉಲ್ಕೆ ನೋಡುವ ಏರ್ಪಾಡು ಮಾಡುತ್ತಿದ್ದಾರೆ. ಹೌದು, ಅದೇ ಹನ್ನೆರಡು. ವಾರವೂ ಅದೇ ಶನಿವಾರ. ಆ ವರ್ಷದ ಹಾಗೆಯೇ ಈ ಸಲವೂ ಮುಕ್ಕಾಲು ರಾತ್ರಿ ಚಂದ್ರನಿಲ್ಲ. ಏರ್ಪಾಡಿನ ಸಮಿತಿಯಲ್ಲಿ ನಾನೂ ಇದ್ದೇನೆ. ಶೆಲ್ಬಿ ಎಂಬ ಹುಡುಗಿ ಹೊಸದಾಗಿ ಗ್ರಂಥಪಾಲಕಿಯಾಗಿ ಬಂದಿದ್ದಾಳೆ, ಬೇಡವೆನ್ನಲು ಬಿಡುವವಳಲ್ಲ. ಮೊದಲು ನದಿದಂಡೆಯ ಉದ್ಯಾನ ನೋಡಿದೆವು, ಅಲ್ಲಿ ಧಾನ್ಯದ ಗೋದಾಮಿನ ದೀಪ ಇಡೀ ರಾತ್ರಿ ಹಗಲು ಮಾಡುತ್ತದೆ. ಸ್ಮಶಾನದ ಹಿಂದಿನ ಬಯಲಿನಿಂದ ನೋಡಿದರೆ ಗಾಳಿಯಂತ್ರಗಳ ಕೆಂಪು ದೀಪಗಳು ಎಲ್ಲ ಒಟ್ಟಿಗೆ ಕಣ್ಣು ಬಿಟ್ಟು, ಒಟ್ಟಿಗೆ ಮುಚ್ಚುತ್ತವೆ, ಮೈ ಜುಮ್ಮೆನ್ನುತ್ತದೆ. ಕೊನೆಗೆ ಶೆಲ್ಬಿ ನಕ್ಷೆಯ ಮೇಲೆ ಬೆರಳಿಟ್ಟು, "ಇಲ್ನೋಡಿ, ಇಪ್ಪತ್ತು ಮೈಲಿ ಸುತ್ತ ಇಷ್ಟು ಕತ್ತಲೆ ಜಾಗ ಇನ್ನೊಂದಿಲ್ಲ" ಎಂದಳು. ಬ್ರಾಂಡ್‌ವೋಲ್ಡರ ಗುಡ್ಡ. ಲವಾನಕ್ಕ ಪ್ರಾಣ ಬಿಟ್ಟ ಹುಲ್ಲುಗಾವಲು. ಬೇಡವೆಂದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. "ಒಳ್ಳೇ ಜಾಗ" ಎಂದು ಬಾಯಿ ಮುಚ್ಚಿಕೊಂಡೆ.

ಮರುವಾರ ಸಂಜೆ ಶೆಲ್ಬಿ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಐವತ್ತೊಂದು ವರ್ಷದಲ್ಲಿ ನಾನು ಆ ಬೇಲಿ ದಾಟಿದ್ದು ಅದೇ ಮೊದಲು. ಹುಲ್ಲು ಮೊಣಕಾಲುದ್ದ, ಮಿಂಚುಹುಳುಗಳು ಏಳುವ ಹೊತ್ತು. ಬಾಡಿಗೆಯ ಶೌಚಾಲಯ ಎಲ್ಲಿಡಬೇಕು, ಕಾಫಿಯ ಮೇಜು ಎಲ್ಲಿ ಹಾಕಬೇಕು ಎಂದು ಅವಳು ಹೆಜ್ಜೆ ಹಾಕಿ ಅಳೆಯುತ್ತಿದ್ದಳು. "ಸ್ವಲ್ಪ ಮಲಗಿ ನೋಡಿ ಬರ್ನಿಸ್, ಆ ಕಡೆ ಮರ ಅಡ್ಡ ಬರುತ್ತಾ ಹೇಳಿ" ಎಂದಳು. ಕಂಬಳಿ ಹಾಸಿ ಮಲಗಿದೆ. ಮರ ಅಡ್ಡ ಬರುತ್ತಿರಲಿಲ್ಲ. ಮೊದಲ ನಕ್ಷತ್ರ ಹುಡುಕುತ್ತಿದ್ದಾಗ ಬಾದಾಮಿ ಕ್ರೀಮಿನ ವಾಸನೆ ಬಂತು. ನರ್ಸಿಂಗ್ ಓದುವಾಗ ಕೈ ಒಡೆಯುತ್ತದೆಂದು ಲವಾನಕ್ಕ ಹಚ್ಚಿಕೊಳ್ಳುತ್ತಿದ್ದಳಲ್ಲ, ಅದೇ. ಆಮೇಲೆ ಕಿವಿಯ ಪಕ್ಕದಲ್ಲೇ, ಚಿಕ್ಕಂದಿನಲ್ಲಿ ನಮ್ಮ ಮೂವರ ಹಾಸಿಗೆಯಲ್ಲಿ ಹೇಳುತ್ತಿದ್ದಂತೆಯೇ ಸ್ವಲ್ಪ ಸಿಡುಕಿನಿಂದ: "ಬರ್ನೀ, ಆಕಡೆ ಸರಿಯೇ." ನಾನು ಸರಿದೆ, ಅಣ್ಣಾ. ಹೆದರಿಕೆ ಆಗಲಿಲ್ಲ, ಅಭ್ಯಾಸವಿದ್ದವಳ ಹಾಗೆ ಸರಿದು ಕಂಬಳಿಯ ಅರ್ಧ ಬಿಟ್ಟೆ. ಶೆಲ್ಬಿ ನೋಡಿ ನಕ್ಕಳು. "ಯಾರಿಗೆ ಜಾಗ ಬಿಟ್ರಿ?" ಎಂದಳು. ಮನೆಗೆ ಬಂದ ಮೇಲೆ ಹೆದರಿಕೆ ಶುರುವಾಯಿತು. ಮೂರು ರಾತ್ರಿ ಅಡಿಗೆಮನೆಯ ದೀಪ ಆರಿಸದೆ ಕುರ್ಚಿಯಲ್ಲೇ ಕೂತಿದ್ದೆ.

ನಿನ್ನೆ ಸಂಜೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೊನೆಯ ಸಭೆ. ಶೆಲ್ಬಿ ಊರಿಗೆಲ್ಲ ಹಂಚುವ ಕರಪತ್ರ ತಂದಿದ್ದಳು. ಸೊಳ್ಳೆಗೆ ಔಷಧಿ ತನ್ನಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ಎಂದೆಲ್ಲ ಚೆನ್ನಾಗಿ ಬರೆದಿದ್ದಳು. ನಾಲ್ಕನೆಯ ಸಾಲು: "ಗೇಟಿನ ಬಳಿ ಹೆಡ್‌ಲೈಟ್ ಆರಿಸಿ, ನಿಧಾನವಾಗಿ ಒಳಗೆ ಬನ್ನಿ." ಅದು ಬೇಡ ಎಂದೆ. ಗಾಡಿ ಒಳಗೆ ಬರುವುದಾದರೆ ದೀಪ ಹಾಕಿಕೊಂಡೇ ಬರಲಿ ಎಂದೆ. ರೋಜರ್ ಹೌಗನ್ ಇದ್ದ. ನಿನ್ನ ಜೊತೆ ಫುಟ್ಬಾಲ್ ಆಡುತ್ತಿದ್ದವನು, ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು. ದೂರದರ್ಶಕ ಅವನದೇ. "ಏನ್ ಬರ್ನಿ, ಸಿನಿಮಾ ನೋಡೋಕ್ ಹೋಗಿ ಕಿಟಕಿ ತೆಗೀರಿ ಅಂದಂಗಾಯ್ತು! ಒಂದ್ಸಲ ಲೈಟ್ ಕಣ್ಣಿಗ್ ಬಿದ್ರೆ ಅರ್ಧ ಗಂಟೆ ಏನೂ ಕಾಣಲ್ಲ" ಎಂದ. ಎಲ್ಲರೂ ನಕ್ಕರು. ಅವನ ತಪ್ಪಿಲ್ಲ, ಅವನಿಗೆ ನೆನಪಾಗಲಿಲ್ಲ ಅಷ್ಟೆ. ಗುಡ್ಡದ ಒಡೆಯ ಕೆರ್ಮಿಟ್ ಮಾತ್ರ ನಗಲಿಲ್ಲ. ಎಂಬತ್ತಾರು ವರ್ಷ ಅವರಿಗೀಗ. ಅವತ್ತು ನಮ್ಮ ಕೂಗು ಕೇಳಿ ಲಾಟೀನು ಹಿಡಿದು ಮೊದಲು ಓಡಿ ಬಂದವರು ಅವರೇ ಅಲ್ಲವೇ.

ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಹೇಳಿಬಿಟ್ಟೆ, ಅಣ್ಣಾ. ಹಾಲು ಕರೆದು ಮುಗಿಸಿ ಬರುತ್ತೇವೆ, ನೀನು ಮುಂದೆ ಹೋಗಿ ಜಾಗ ಹಿಡಿ ಎಂದು ಅಕ್ಕನನ್ನು ಕಳಿಸಿದ್ದು. ಅವಳು ಹುಲ್ಲಿನಲ್ಲಿ ಕಂಬಳಿ ಹಾಸಿ ಮಲಗಿದ್ದು. ಅಪ್ಪನ ಪಿಕಪ್ ಗಾಡಿಯನ್ನು ನೀನು ಓಡಿಸಿ, ನಾವಿಬ್ಬರೂ ಹಿಂದಿನಿಂದ ಹೋದದ್ದು. ನಿನಗೆ ಹದಿನೇಳು, ನನಗೆ ಹದಿನಾಲ್ಕು. ಗೇಟು ದಾಟಿದ ಮೇಲೆ, ನಕ್ಷತ್ರ ಮಂಕಾಗುತ್ತದೆಂದು ದೀಪದ ಗುಂಡಿಯನ್ನು ಒಳಗೆ ಒತ್ತಿದ್ದು ನನ್ನ ಕೈ. "ಏಯ್, ಏನೂ ಕಾಣಿಸ್ತಿಲ್ಲ ಕಣೇ!" ಎಂದು ನೀನು ನಗುತ್ತಲೇ ಹೇಳಿದೆ. ನಾನೂ ನಗುತ್ತಿದ್ದೆ. ಗುಂಡಿಯ ಮೇಲಿಂದ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಚಕ್ರ ಒಂದು ಸಲ ಎದ್ದು ಇಳಿಯಿತು. ಆಮೇಲೆ ಶೆರಿಫ್ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ನೀನು, "ಲೈಟ್ ಆರ್ಸಿದ್ದು ನಾನೇ ಸರ್, ಅವಳು ನಿದ್ದೆ ಮಾಡ್ತಿದ್ಲು" ಎಂದೆ. ಅಷ್ಟನ್ನೂ ಸಭೆಯಲ್ಲಿ ಹೇಳಿದೆ. ಊರು ಐವತ್ತು ವರ್ಷ ಡುವೇನ್ ಟ್ವೈಟ್ ತನ್ನ ಅಕ್ಕನನ್ನು ಕೊಂದ ಎಂದುಕೊಂಡಿದೆ, ಅದು ನಿಜವಲ್ಲ ಎಂದೆ.

ರೋಜರ್ ಕೈಯಲ್ಲಿದ್ದ ನಿಂಬೆ ಕೇಕಿನ ತುಂಡನ್ನು ತಟ್ಟೆಯಲ್ಲಿಟ್ಟು ಅದನ್ನೇ ನೋಡುತ್ತ ಕೂತ. ಶೆಲ್ಬಿ ಅಳುತ್ತಿದ್ದಳು. ಅವಳು ಹುಟ್ಟುವ ಮೊದಲಿನ ಮಾತು, ಪಾಪ. ಕೆರ್ಮಿಟ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಹೇಳಿದರು: "ಗೇಟಿಗೆ ನಾನೇ ಬೀಗ ಹಾಕ್ತೀನಿ. ಅವತ್ತು ಒಂದ್ ಗಾಡಿನೂ ನನ್ ಗುಡ್ಡ ಹತ್ತಲ್ಲ. ನೋಡ್ಬೇಕು ಅನ್ನೋರು ನಡ್ಕೊಂಡ್ ಬರ್ಲಿ." ಹಾಗೇ ನಿರ್ಧಾರವಾಯಿತು. ಕಾರುಗಳೆಲ್ಲ ಶಾಲೆಯ ಅಂಗಳದಲ್ಲಿ ನಿಲ್ಲುತ್ತವೆ, ಅಲ್ಲಿಂದ ರಸ್ತೆಯ ಗೇಟಿನವರೆಗೆ ಸ್ಕೂಲ್ ಬಸ್ಸು. ಓಡಿಸುವವಳು ನಾನು. ಬೇರೆ ಯಾರಾದರೂ ಓಡಿಸಲಿ ಎಂದೆ, ರೋಜರ್ ತಲೆಯೆತ್ತದೆ, "ನೀನೇ ಓಡ್ಸು ಬರ್ನಿ" ಎಂದ. ಮನೆಗೆ ಬಂದು ಅಡಿಗೆಮನೆಯ ದೀಪ ಆರಿಸಿದೆ. ಕತ್ತಲಲ್ಲಿ ಕೂತು ಅಕ್ಕನಿಗಾಗಿ ಕಾದೆ. ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಬರುತ್ತೀಯಾ ಅಣ್ಣಾ? ಬಂದವನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಮೇಲಿನ ಕೋಣೆಗೆ ಹೊಸ ಹಾಸಿಗೆ ಹಾಕಿಸಿದ್ದೇನೆ, ಕಿಟಕಿ ಪೂರ್ವಕ್ಕಿದೆ. ಬರಲಾಗದಿದ್ದರೆ ಆ ರಾತ್ರಿ ಅಲ್ಲೇ ಹೊರಗೆ ನಿಂತು ಆಕಾಶ ನೋಡು. ಅಲ್ಲಿ ಆಗ ಕತ್ತಲಾಗುತ್ತದೋ ಇಲ್ಲವೋ ನನಗೆ ತಿಳಿಯದು. ಕೆರ್ಮಿಟ್ ನಿನಗೆ ನೆನಪು ತಿಳಿಸಲು ಹೇಳಿದ್ದಾರೆ. ರೋಜರ್ ಬೆಳಗ್ಗೆ ಮನೆಯವರೆಗೂ ಬಂದು ನಿನ್ನ ವಿಳಾಸ ಕೇಳಿ ಬರೆದುಕೊಂಡು ಹೋದ. ಮಂಡಿ ಜೋಪಾನ. ದೇವರು ನಿನ್ನ ದೋಣಿಯನ್ನು ಕಾಯಲಿ.

ನಿನ್ನ ತಂಗಿ,
ಬರ್ನಿ

ತಾ. ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದಿದ್ದೇನೆ. ಅಂಚೆಯವನ ಗಾಡಿ ಮೂಲೆಮನೆಗೆ ಬಂದಿದೆ, ಬೇಗ ಬರೆಯುತ್ತೇನೆ. ಸಭೆಯಲ್ಲಿ ಒಂದನ್ನು ಹೇಳಲಿಲ್ಲ, ಅದು ನಿನಗೆ ಸೇರಿದ್ದು. ಅಮ್ಮ ಒಂದು ಕಾಗದವನ್ನೂ ಬರೆಯದೆ, ನಿನ್ನನ್ನು ಕರೆಸಿಕೊಳ್ಳದೆ ಸತ್ತಳೆಂದು ನೀನು ತಿಳಿದಿದ್ದೀಯ. ಅವಳು ಬರೆಯಲು ಹೊರಟಿದ್ದಳು. ಆಸ್ಪತ್ರೆಯಲ್ಲಿ ಕಾಗದ, ಪೆನ್ನು ತರಿಸಿಕೊಂಡು, ಬಾಗಿಲು ಹಾಕು ಎಂದು ನನಗೆ ಹೇಳಿ ಕೇಳಿದಳು: "ಸುಳ್ಳು ಹೇಳೋವಾಗ ಡುವೇನನ ಕಿವಿ ಕೆಂಪಗಾಗುತ್ತೆ ಕಣೇ. ಅವತ್ತೂ ಆಗಿತ್ತು. ನಿಜ ಹೇಳು ಬರ್ನಿ, ಲೈಟ್ ಆರ್ಸಿದ್ದು ಅವನೇನಾ?" ಆಗ ನನಗೆ ಮೂವತ್ತಮೂರು ವರ್ಷ, ಚಿಕ್ಕವಳೇನಲ್ಲ. "ಹೂಂ ಅಮ್ಮ, ಅವನೇ" ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು. ಆಮೇಲೆ ನಾಲ್ಕು ದಿನ ಬದುಕಿದ್ದಳು. ನಾಲ್ಕು ದಿನವೂ ನಾನು ಪಕ್ಕದಲ್ಲೇ ಕೂತಿದ್ದೆ.