ಸೈಕಲ್ ದೀಪದ ಆರತಿ

ಅತ್ತೇ,

ಸ್ವೀಡನ್ನಿನ ಲುಂಡ್‌ನಿಂದ ನಿಮ್ಮ ಸೊಸೆ ವೀಣಾ. ನಾವೆಲ್ಲ ಕ್ಷೇಮ. ನೀವು ಕ್ಷೇಮವೇ ಎಂದು ಕೇಳುವ ಅಭ್ಯಾಸ, ನೀವು ಹೋಗಿ ಇಷ್ಟು ದಿನವಾದರೂ, ಬಿಟ್ಟುಹೋಗಿಲ್ಲ ನೋಡಿ. ಭಾನುವಾರ ಫೋನ್ ಮಾಡಿದರೆ ನೀವು ಮೊದಲು ಕೇಳುತ್ತಿದ್ದುದು ನಿಮ್ಮ ಮಗನ ಕೆಮ್ಮನ್ನಲ್ಲ, ಮೊಮ್ಮಗಳ ಊಟವನ್ನೂ ಅಲ್ಲ. “ಒಪ್ಪಿದ್ರೇನೇ?” ಎನ್ನುತ್ತಿದ್ದಿರಿ. “ಇನ್ನೂ ಇಲ್ಲ ಅತ್ತೆ” ಎನ್ನುತ್ತಿದ್ದೆ. ಅದೊಂದು ಉತ್ತರ ನನ್ನ ಬಾಯಲ್ಲೇ ಬಾಕಿ ಉಳಿದುಬಿಟ್ಟಿದೆ, ಅದಕ್ಕೇ ಈ ಕಾಗದ.

ನೀವು ಮೈಸೂರಿನಿಂದ ಬಂದಿಳಿದ ವಾರ ನೆನಪಿದೆಯೇ? ಸೂಟ್‌ಕೇಸಿನಲ್ಲಿ ಮಡಿಸೀರೆ, ತಂಬಿಗೆ, ಮೆಂತ್ಯದ ಗಂಟು. ಎದುರುಮನೆಯ ನಾಯಿ ಸೋಕಿದ್ದಕ್ಕೆ ಎರಡನೇ ಸಲ ಸ್ನಾನ ಮಾಡಿದಿರಿ. ಇಂಥವರಿಗೆ ನನ್ನ ಕೆಲಸ ಏನೆಂದು ಹೇಳುವುದು? ಊರಿನ ಕಕ್ಕಸು, ಬಚ್ಚಲಿನ ನೀರೆಲ್ಲ ಬಂದು ಶುದ್ಧವಾಗುವ ಕಡೆ ಸಂಶೋಧನೆ ಮಾಡುತ್ತೇನೆ ಎನ್ನುವುದನ್ನು ನಿಮ್ಮ ಮಗ “ಅವಳು ನೀರಿನ ಇಲಾಖೇಲಿದಾಳಮ್ಮ” ಎಂದು ತೇಲಿಸಿಬಿಟ್ಟಿದ್ದರು. ಕೊನೆಗೆ ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. ಆ ಕೊಳಚೆಯನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಗ್ಯಾಸ್ ಬರುತ್ತದೆ, ಈ ಬಸ್ಸು ಓಡುತ್ತಿರುವುದೂ ಅದರಿಂದಲೇ ಎಂದೆ. ನೀವು ಸೆರಗನ್ನು ಮೂಗಿಗೆ ಒಯ್ದವರು, ಅರ್ಧಕ್ಕೇ ನಿಲ್ಲಿಸಿ, ಗಾಳಿ ಎಳೆದು ನೋಡಿ, “ಏನೂ ವಾಸನೇನೇ ಇಲ್ಲವಲ್ಲೇ! ಗೋಬರ್ ಗ್ಯಾಸು ಅನ್ನು. ಹಸು ಬದಲು ಊರು” ಎಂದಿರಿ. ನನಗೆ ನಗು ತಡೆಯಲಿಲ್ಲ.

ಅಂದು ಸಂಜೆ ಡಬ್ಬಿಯಲ್ಲಿದ್ದ ಬಿಳಿ ಹರಳು ತೋರಿಸಿದೆ. “ಸಬ್ಬಕ್ಕಿ ಥರ ಇದೆ” ಎಂದಿರಿ. ಗ್ಯಾಸ್ ತೆಗೆದ ಮೇಲೆ ಉಳಿಯುವ ನೀರಿನಲ್ಲಿ ಗಿಡಗಳಿಗೆ ಬೇಕಾದ ರಂಜಕವಿರುತ್ತದೆ, ಒಂದು ಉಪ್ಪು ಬೆರೆಸಿದರೆ ಅದು ಹೀಗೆ ಹರಳಾಗಿ ತಳಕ್ಕಿಳಿಯುತ್ತದೆ ಎಂದು ವಿವರಿಸಿದೆ. ನನ್ನದು ಡ್ರಮ್ಮಿನಷ್ಟು ಪುಟ್ಟ ಪ್ರಯೋಗದ ತೊಟ್ಟಿ. ಇಲ್ಲಿನ ಪುರಸಭೆ, ಕೊಮ್ಯೂನ್‌ನವರು ಒಪ್ಪಿದರೆ ಇಡೀ ಊರಿಗಾಗುವ ದೊಡ್ಡ ತೊಟ್ಟಿ ಕಟ್ಟುತ್ತಾರೆ. ಇಲ್ಲದಿದ್ದರೆ ಬಿಚ್ಚಿ ಗುಜರಿಗೆ ಹಾಕುತ್ತಾರೆ, ನನ್ನ ಇಷ್ಟು ವರ್ಷದ ದುಡಿಮೆಯೂ ಅದರ ಜೊತೆಗೇ... ಅವರ ತಕರಾರು ಒಂದೇ. ಅಲ್ಲಿಂದ ಬಂದದ್ದನ್ನು ಯಾರು ತಮ್ಮ ಗಿಡಕ್ಕೆ ಹಾಕುತ್ತಾರೆ, ಯಾರು ತಿನ್ನುತ್ತಾರೆ?

ನೀವು ಒಂದು ಹರಳು ಬೆರಳಲ್ಲಿ ಹಿಡಿದು ದೀಪಕ್ಕೆ ಅಡ್ಡ ನೋಡಿದಿರಿ. ಪರೀಕ್ಷೆ ಮಾಡಿಸಿದ್ದೀಯಾ, ವಿಷ ಗಿಷ ಇಲ್ಲ ತಾನೇ ಎಂದು ತಿರುಗಿಸಿ ತಿರುಗಿಸಿ ಕೇಳಿದಿರಿ. ಇಲ್ಲ, ಎಲ್ಲ ಪರೀಕ್ಷೆಯೂ ಪಾಸಾಗಿದೆ ಎಂದೆ. “ಹಾಗಾದ್ರೆ ತಾ ಒಂದು ಹಿಡಿ. ಮಣ್ಣಿಗೆ ಹಾಕಿದ್ಮೇಲೆ ಅದಕ್ಕೇನು ಮೈಲಿಗೆ?” ಎಂದು ಬಾಲ್ಕನಿಯ ಕುಂಡಗಳಿಗೆ ಹಾಕಿ ಮೆಂತ್ಯ ಬಿತ್ತೇಬಿಟ್ಟಿರಿ. ಅತ್ತೆ, ನಿಮ್ಮ ಮಡಿಯನ್ನು ಎಷ್ಟು ಆಡಿಕೊಂಡಿದ್ದೆ ನಾನು! ಅದರ ಮಧ್ಯೆ ಇಂಥ ಧೈರ್ಯ ಎಲ್ಲಿ ಇಟ್ಟುಕೊಂಡಿದ್ದಿರಿ?

ಆಮೇಲೆ ಬಂತಲ್ಲ ಆಯುಧಪೂಜೆ. “ಅನ್ನ ಕೊಡೋ ಯಂತ್ರಕ್ಕೆ ಕುಂಕುಮ ಇಡದೆ ಇರೋದಾ?” ಎಂದು ಹಟ ಹಿಡಿದು ನನ್ನ ಜೊತೆ ಹೊರಟಿರಿ. ನಾನು ಸಂದರ್ಶಕರ ಹೆಲ್ಮೆಟ್ ತರಲು ಆಚೆ ಹೋದೆ, ನೀವು ಪಂಪಿಗೆ ಅರಿಶಿನ ಕುಂಕುಮ ಇಟ್ಟು, ಸೊಂಟದಿಂದ ಬೆಂಕಿಪೊಟ್ಟಣ ತೆಗೆದಿರಿ. ಗ್ಯಾಸ್ ತೊಟ್ಟಿಯ ಪಕ್ಕದಲ್ಲಿ! ಸ್ಥಾವರ ನೋಡಿಕೊಳ್ಳುವ ಯೋರಾನ್ “ನೋ ಫೈರ್! ನೋ ಫೈರ್!” ಎಂದು ಕಿರುಚುತ್ತ ಓಡಿಬಂದು, ಅಪಾಯದ ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿಬಿಟ್ಟ. ಹೆಲ್ಮೆಟ್ ಹಿಡಿದು ನಾನೂ ಓಡಿಬಂದೆ.

“ದೇವರಿಗೆ ಆರತಿ ಬೇಡ್ವಾ? ಎಂಥಾ ಊರೇ ಇದು!” ಎಂದು ನೀವು ನನ್ನನ್ನೇ ಗದರಿಸಿದಿರಿ.

“ಅತ್ತೆ, ಕಡ್ಡಿ ಗೀರಿದ್ರೆ ನಾವೆಲ್ಲ ದೇವರ ಹತ್ರಾನೇ ಹೋಗ್ತೀವಿ” ಎಂದೆ.

ನೀವು ಒಂದು ಕ್ಷಣ ಯೋಚಿಸಿ, ಗೋಡೆಗೆ ಒರಗಿಸಿದ್ದ ಯೋರಾನ್‌ನ ಸೈಕಲ್ ತೋರಿಸಿ, “ಅದರ ದೀಪ ಬಿಚ್ಚಿಕೊಡೋಕೆ ಹೇಳು” ಎಂದಿರಿ. ಗಾಬರಿ ಇಳಿಯದ ಆತ, ನಿಮ್ಮನ್ನು ಬೇಲಿಯ ಆಚೆಗೆ ಕರೆದೊಯ್ದು ನಿಲ್ಲಿಸಿ, ಬಿಚ್ಚಿಕೊಟ್ಟ. ಆ ಬ್ಯಾಟರಿ ದೀಪವನ್ನು ತಟ್ಟೆಯಲ್ಲಿಟ್ಟು, ಘಂಟೆ ಅಲ್ಲಾಡಿಸುತ್ತ, ದೂರದಿಂದಲೇ ಅಷ್ಟು ಎತ್ತರದ ಗ್ಯಾಸ್ ತೊಟ್ಟಿಗೆ ನೀವು ಆರತಿ ಎತ್ತಿದಾಗ ಯೋರಾನ್ ಹೆಲ್ಮೆಟ್ ತೆಗೆದು ನಿಂತಿದ್ದ. ನಾನು ಕೈಮುಗಿದದ್ದು ತೊಟ್ಟಿಗಲ್ಲ ಅತ್ತೆ, ನಿಮಗೆ.

ಅಲ್ಲಿಯ ಪದ್ಧತಿ ಪ್ರಕಾರ ಯಂತ್ರ ನಿಲ್ಲುವಂತೆ ಮಾಡಿದವರು ಶುಕ್ರವಾರದ ಫೀಕಾಗೆ, ಅಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತಿಗೆ, ಕೇಕ್ ತರಬೇಕು. “ಮೊಟ್ಟೆ ಹಾಕಿದ್ದನ್ನ ನಾನು ಮುಟ್ಟಲ್ಲ” ಎಂದು ನೀವು ಬಾಲ್ಕನಿಯ ಮೆಂತ್ಯ ಸೊಪ್ಪು ಹೆಚ್ಚಿ ಹಾಕಿ ಅಕ್ಕಿರೊಟ್ಟಿ ತಟ್ಟಿ ತಂದಿರಿ. ಅದೇ ಶುಕ್ರವಾರ ಕೊಮ್ಯೂನ್ ಸಮಿತಿಯವರೂ ಬರಬೇಕೇ! ಅಧ್ಯಕ್ಷೆ ರೊಟ್ಟಿ ಎತ್ತಿಕೊಂಡು, ಈ ಹಸಿರು ಏನು ಎಂದು ಕೇಳಿದರು.

“ಏನಂತೆ?” ಎಂದಿರಿ ನೀವು.

“ಸೊಪ್ಪು ಎಲ್ಲೀದು ಅಂತಾರೆ.”

“ಇದ್ದದ್ದು ಇದ್ದ ಹಾಗೆ ಹೇಳು. ಮುಚ್ಚಿಟ್ಟು ಬಡಿಸೋದು ನಮ್ಮ ಮನೇಲಿಲ್ಲ.”

ಹೇಳಿದೆ. ಅಧ್ಯಕ್ಷೆಯ ಕೈ ತಟ್ಟೆಯ ಮೇಲೇ ಉಳಿಯಿತು. ಆಗ ನೀವು, ಪರವೂರಿನಲ್ಲಿ ಹೊರಗೆ ಒಂದು ಲೋಟ ನೀರೂ ಕುಡಿಯದಿದ್ದ ನೀವು, ಎಲ್ಲರೆದುರು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, “ಉಪ್ಪು ಸ್ವಲ್ಪ ಕಮ್ಮಿ ಆಯ್ತು” ಎಂದಿರಿ. ಅದನ್ನೂ ಅನುವಾದಿಸಿದೆ. ಅಧ್ಯಕ್ಷೆ ನಕ್ಕು, ತಿಂದರು.

ಆದರೆ ರೊಟ್ಟಿ ತಿಂದ ಮಾತ್ರಕ್ಕೆ ಸ್ವೀಡನ್ನಿನಲ್ಲಿ ತೀರ್ಮಾನವಾಗುತ್ತದೆಯೇ? ಒಂದು ಸಭೆ, ಅದರ ಬಗ್ಗೆ ಇನ್ನೊಂದು ಸಭೆ, ನಡುವೆ ಬೇಸಿಗೆ ರಜೆ. ನೀವು ಊರಿಗೆ ಹಿಂತಿರುಗಿದಿರಿ. ಭಾನುವಾರಗಳು ಬಂದವು. ಆಮೇಲೆ ಒಂದು ಭಾನುವಾರ ನಿಮ್ಮ ಫೋನನ್ನು ಬೇರೆ ಯಾರೋ ಎತ್ತಿಕೊಂಡರು...

ಮೊನ್ನೆ ಕೊನೆಯ ಸಭೆಯಿತ್ತು. ಹಳೆಯ ತಕರಾರನ್ನೇ ಒಬ್ಬರು ಮತ್ತೆ ಎತ್ತಿದರು, ಯಾರು ತಿನ್ನುತ್ತಾರೆ ಎಂದು. ಅಧ್ಯಕ್ಷೆ, “ನಾನು ತಿಂದಿದ್ದೇನೆ. ಬದುಕಿದ್ದೇನೆ. ಉಪ್ಪು ಮಾತ್ರ ಕಮ್ಮಿಯಿತ್ತು” ಎಂದರು. ಸಭೆಯೆಲ್ಲ ನಕ್ಕಿತು. ನಾನು ಅಳುತ್ತಿದ್ದೆ. ಹೊರಗೆ ಬಂದಾಗ ಯೋರಾನ್ ಕಾಯುತ್ತಿದ್ದ. ದೊಡ್ಡ ತೊಟ್ಟಿ ಶುರುವಾದ ದಿನ ಆರತಿ ಯಾರು ಎತ್ತುತ್ತಾರೆ ಎಂದು ಕೇಳಿದ. ನಾನೇ ಎಂದೆ. ಜೇಬಿನಿಂದ ಆ ದೀಪ ತೆಗೆದುಕೊಟ್ಟ. ಅಂದಿನಿಂದ ಅದನ್ನು ಸೈಕಲ್ಲಿಗೆ ಹಾಕಿಯೇ ಇಲ್ಲವಂತೆ, ಬೇರೆ ಕೊಂಡುಕೊಂಡನಂತೆ. ಗಾಜಿನ ಅಂಚಿನಲ್ಲಿ ನಿಮ್ಮ ಬೆರಳಿನ ಕುಂಕುಮ ಹಾಗೇ ಇದೆ. ನಾನು ಒರೆಸುವುದಿಲ್ಲ.

ಇವತ್ತು ಭಾನುವಾರ, ನೀವು ಕೇಳುವ ಹೊತ್ತು.

ಒಪ್ಪಿದ್ರು ಅತ್ತೆ.

ನಿಮ್ಮ
ವೀಣಾ