ಮಾತು ನಿಲ್ಲಿಸುವ ಪಾಳಿ

ಉಬ್ಬರ ಶಕೆ ಅರವತ್ತಮೂರು, ಹದಿಮೂರನೇ ತಿಂಗಳು, ಹುಣ್ಣಿಮೆಯ ಹಿಂದಿನ ದಿನ, ಸಂಜೆ ನಾಲ್ಕು ಗಂಟೆ
ಹಂಬರ್ ನದಿಯ ಬಾಯಿ, ಬ್ರಿಟನ್ನಿನ ಪೂರ್ವ ದಂಡೆ

ಬಂದು ಕೂತ ಮಹಾಜನಗಳೇ, ಜಾಗ ಸಿಗದೆ ಗೋಡೆಗೆ ಒರಗಿ ನಿಂತ ತಾಯಂದಿರೇ, ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವ ಹಿರಿಯರೇ, ನಿಮಗೆಲ್ಲ ಈ ಕಲ್ಲಿನಾಥನ ಶರಣು. ಮೇಲಿನ ತಾರೀಖು ನೋಡಿ ಹುಬ್ಬು ಏರಿಸಬೇಡಿ. ನಾನು ನಿಮ್ಮಿಂದ ಸುಮಾರು ಇನ್ನೂರು ವರ್ಷ ಆಚೆ ಕೂತು ಬರೆಯುತ್ತಿದ್ದೇನೆ. ಸಮುದ್ರ ಊರೊಳಗೆ ಬಂದ ವರ್ಷವೇ ನಮಗೆ ಮೊದಲ ವರ್ಷ. ಚಂದ್ರನನ್ನು ನೋಡಿ ತಿಂಗಳು ಎಣಿಸುವುದರಿಂದ ನಮ್ಮ ವರ್ಷಕ್ಕೆ ಒಮ್ಮೊಮ್ಮೆ ಹದಿಮೂರು ತಿಂಗಳು. ನನ್ನ ಕೆಲವು ಶಬ್ದಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಒಂದೇ ಒಂದು ದಿನದ ರೇಡಿಯೋ ಮಾತು, ಬೆಳಗಿನಿಂದ ಮಲಗುವ ಹೊತ್ತಿನ ತನಕ, ನಮ್ಮಲ್ಲಿ ಉಳಿದಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅದನ್ನು ಕೇಳಿಸಿಯೇ ಪಾಠ. ಆ ಗುರುತಿನ ಮೇಲೆ ನಿಮಗೆ ಬರೆಯುವ ಧೈರ್ಯ ಮಾಡಿದ್ದೇನೆ. ಇವತ್ತು ಯಾರಿಗಾದರೂ ಹೇಳದಿದ್ದರೆ ನನ್ನ ಮನಸ್ಸು ತಡೆಯುವುದಿಲ್ಲ.

ನಾನು ಕೆಲಸ ಮಾಡುವುದು ಮಾತುಮನೆಯಲ್ಲಿ. ಹಳೆಯ ನೀರಿನ ಟ್ಯಾಂಕಿನ ಹೊಟ್ಟೆಯೊಳಗೆ ಕಟ್ಟಿದ ರೇಡಿಯೋ ನಿಲಯಕ್ಕೆ ನಾವು ಇಟ್ಟ ಹೆಸರು ಅದು. ಇಲ್ಲಿ ಹಾಡಿಲ್ಲ, ವಾದ್ಯವಿಲ್ಲ, ಬರೀ ಮಾತು. ಬೆಳಿಗ್ಗೆ ಐದು ಇಪ್ಪತ್ತಕ್ಕೆ ಸಮುದ್ರದ ಸೂಚನೆ: ಯಾವ ದಿಕ್ಕಿನ ಗಾಳಿ, ಎಷ್ಟು ಅಲೆ, ಎಲ್ಲಿ ಮಂಜು, ದೋಣಿಯವರು ಬರೆದುಕೊಳ್ಳುವಷ್ಟು ನಿಧಾನಕ್ಕೆ. ಆಮೇಲೆ ಕಡಲಪಾಚಿ ಬೆಳೆಯುವವರ ಕಷ್ಟಸುಖ. ಏಳಕ್ಕೆ ಮಂತ್ರಿಗಳ ವಿಚಾರಣೆ. ಕೇಳುವವಳು ಒಂದೇ ಪ್ರಶ್ನೆಯನ್ನು ಒಂಬತ್ತು ಸಲ ಕೇಳುತ್ತಾಳೆ, ಅವರು ಒಂಬತ್ತು ಸಲವೂ ಒಳ್ಳೆಯ ಪ್ರಶ್ನೆ ಎಂದು ಹೊಗಳಿ ಉತ್ತರ ಕೊಡದೆ ಎದ್ದು ಹೋಗುತ್ತಾರೆ. ಹನ್ನೊಂದಕ್ಕೆ ತೇಲುತೋಟದವರ ಪ್ರಶ್ನೋತ್ತರ. ಊರು ಮುಳುಗಿದರೂ ಎಲೆಕೋಸು ತಿನ್ನುವ ಗೊಂಡೆಹುಳ ಮುಳುಗಲಿಲ್ಲ ನೋಡಿ, ಅದರ ಬಗ್ಗೆ ಮೂವರು ಪಂಡಿತರು ಅರ್ಧ ಗಂಟೆ ಮುನಿಸಿಕೊಂಡು ಮಾತಾಡುತ್ತಾರೆ. ಎರಡಕ್ಕೆ ನಾಟಕ. ನಾಲ್ಕಕ್ಕೆ ದೂರಿನ ಕಾಗದ. ಈ ದೇಶದವರು ನೀರು ಸೊಂಟಕ್ಕೆ ಬಂದರೂ ಗೊಣಗುವುದಿಲ್ಲ; ವಾರ್ತೆ ಓದುವವನು ಒಂದು ಹೆಸರನ್ನು ತಪ್ಪಾಗಿ ಉಚ್ಚರಿಸಿದರೆ ಮಾತ್ರ ಎರಡು ಪುಟ ಬರೆಯುತ್ತಾರೆ, ಕೊನೆಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯನ್ನೂ ಕೇಳುತ್ತಾರೆ. ಆರಕ್ಕೆ ನಗೆಮಾತು, ಎಂಟಕ್ಕೆ ಕಾದಂಬರಿ ಓದು, ಮತ್ತೆ ಸಮುದ್ರದ ಸೂಚನೆ, ಆಮೇಲೆ ಬೆಳಗಿನ ತನಕ ರಾತ್ರಿ ಪಾಳಿಯವರ ಮೆಲುಮಾತು.

ಇಷ್ಟೊಂದು ಮಾತು ಯಾಕೆ ಎಂದು ಕೇಳುತ್ತೀರಿ. ಹೇಳುತ್ತೇನೆ. ಮೊದಲು ನೀರು ಏರುವಾಗ ಎಚ್ಚರಿಸಲು ಕೂಗುವ ಸೈರನ್ ಇತ್ತಂತೆ. ಅದು ದಿನಕ್ಕೆ ಹತ್ತು ಸಲ ಕೂಗಿ ಕೂಗಿ, ಜನ ಅದರ ಕೆಳಗೇ ನಿದ್ದೆ ಮಾಡಲು ಕಲಿತರು. ಆಗ ನಮ್ಮ ಮುತ್ತಜ್ಜಿಯರು ಒಂದು ಸಂಗತಿ ಗಮನಿಸಿದರು: ಮಾತು ನಡೆಯುತ್ತಿರುವಾಗ ಮಲಗುವವರು, ಮಾತು ನಿಂತರೆ ಏಳುತ್ತಾರೆ. ಅಲ್ಲಿಂದ ಮಾತು ನಿಲ್ಲಿಸಿ ಎಚ್ಚರಿಸುವ ಪದ್ಧತಿ ಬಂತು, ಅದಕ್ಕೆ ನಾವು ನಿಲುವು ಎನ್ನುತ್ತೇವೆ. ಉಬ್ಬರ ಕಾಯುವವರು ಗುಂಡಿ ಒತ್ತಿದರೆ ನಮ್ಮ ಕೋಣೆಯ ಕೆಂಪು ದೀಪ ಹೊತ್ತುತ್ತದೆ. ಯಾರು ಮಾತಾಡುತ್ತಿದ್ದರೂ ಆ ಅಕ್ಷರದಲ್ಲೇ ಬಾಯಿ ಮುಚ್ಚಬೇಕು. ಮೇಜಿನ ಗಡಿಯಾರದ ಟಿಕ್ ಟಿಕ್ ಮಾತ್ರ ಕೇಳಬೇಕು. ಗಡಿಯಾರವೂ ಕೇಳದಿದ್ದರೆ ಯಂತ್ರ ಕೆಟ್ಟಿದೆ ಎಂದರ್ಥ, ಮಕ್ಕಳು ಆಟ ಮುಂದುವರಿಸಬಹುದು. ಗಡಿಯಾರ ಕೇಳುತ್ತಿದ್ದು ಮಾತಿಲ್ಲದಿದ್ದರೆ, ನೀರಂಚಿನ ಕೆಳಸಾಲಿನ ಮನೆಗಳವರೆಲ್ಲ ಒಲೆ ಹಾಗೇ ಬಿಟ್ಟು ಮೇಲಟ್ಟಕ್ಕೆ ಹತ್ತಬೇಕು.

ಈಗ ನನ್ನ ಕಥೆಗೆ ಬರುತ್ತೇನೆ, ಬರಲು ಕಾಲು ಹಿಂದೇಟು ಹಾಕುತ್ತಿದ್ದರೂ. ನಮ್ಮದು ಗದಗ ಸೀಮೆಯಿಂದ ಬಂದ ನಾಟಕ ಕಂಪನಿಯ ಮನೆತನ. ಈ ದಂಡೆಯ ಇಗರ್ಜಿ ಹಾಲ್‌ಗಳಲ್ಲಿ ಪರದೆ ಕಟ್ಟಿ ಆಡಿದವರು. ನಾನು ತೊಟ್ಟಿಲಲ್ಲಿ ಮಲಗಿದ್ದಕ್ಕಿಂತ ಸೈಡ್ ವಿಂಗಿನಲ್ಲಿ ಮಲಗಿದ್ದು ಹೆಚ್ಚು. ನನ್ನ ಅಜ್ಜಿ, ಕಂಪನಿಯ ಮಾಲಕಿ ನಾಗರತ್ನವ್ವ, ಬೆತ್ತ ಹಿಡಿದು ಕಲಿಸಿದ್ದು ಒಂದೇ ಪಾಠ: ರಂಗದ ಮೇಲೆ ಮಾತು ಬಿದ್ದರೆ ಹೆಣ ಬಿದ್ದ ಹಾಗೆ, ಎದುರಿನವ ಮರೆತರೆ ನೀನು ಎತ್ತು. ನಾನು ಎತ್ತಿದೆ. ರಾಜ ಮಾತು ಮರೆತಾಗ ಮಂತ್ರಿಯಾಗಿ ಎತ್ತಿದೆ, ಮಂತ್ರಿ ಕುಡಿದು ಬಂದಾಗ ದ್ವಾರಪಾಲಕನಾಗಿ ಎತ್ತಿದೆ. ಮಾತುಮನೆಯ ಎರಡು ಗಂಟೆಯ ನಾಟಕಕ್ಕೆ ನನ್ನನ್ನು ಕರೆದದ್ದೂ ಅದಕ್ಕೇ. ಭಾಷೆ ಇಲ್ಲಿಯ ಇಂಗ್ಲಿಷು, ಅಳು ಮಾತ್ರ ನಮ್ಮ ಕಂಪನಿಯದು. ನನ್ನ ದನಿಗೆ ಕೆಳಸಾಲಿನ ತಟ್ಟೆಗಳು ನಡುಗುತ್ತವೆ ಎಂದು ದೂರಿನ ಕಾಗದ ಬಂದಿತ್ತು, ನಾನು ಅದಕ್ಕೆ ಚೌಕಟ್ಟು ಹಾಕಿಸಿದೆ.

ಹತ್ತನೇ ತಿಂಗಳ ಹುಣ್ಣಿಮೆಯ ದಿನ, ಮಗಳನ್ನು ಕಳೆದುಕೊಂಡ ನಾವಿಕನ ಪಾತ್ರ ನನ್ನದು. ಹೆಂಡತಿಯ ಪಾತ್ರಕ್ಕೆ ಸ್ಕಾಟ್ಲೆಂಡಿನ ಮೊರಾಗ್ ಎಂಬ ಹೆಣ್ಣುಮಗಳು. ಅಳುವ ಮಾತಿಗೆ ನಾನು ಕಣ್ಣು ಮುಚ್ಚುತ್ತೇನೆ, ಅದು ಹಳೆಯ ಅಭ್ಯಾಸ. ಮೊರಾಗ್ ಅರ್ಧ ಮಾತಿನಲ್ಲಿ ನಿಂತಳು. ಅಯ್ಯೋ, ಮರೆತಳಲ್ಲ ಎಂದುಕೊಂಡು ಎತ್ತಿದೆ. ಅವಳು ನನ್ನ ತೋಳು ಜಗ್ಗಿದಳು. ಮಾತು ನೆನಪಿಸು ಎಂದು ಬೇಡುತ್ತಿದ್ದಾಳೆಂದು ತಿಳಿದು ಅವಳ ಪಾಲಿನದನ್ನೂ ನಾನೇ ಹೇಳಿದೆ. ಮಗಳ ಬಾಲ್ಯ ಹೇಳಿದೆ, ದೋಣಿಗೆ ಬೈದೆ, ಕಡಲಿಗೆ ಶಾಪ ಹಾಕಿದೆ. ನಾಟಕದಲ್ಲಿ ಇಲ್ಲದ ಇಬ್ಬರು ಅಣ್ಣಂದಿರನ್ನು ಹುಟ್ಟಿಸಿ ಅವರನ್ನೂ ಮುಳುಗಿಸಿದೆ. ಕೊನೆಗೆ ಅವಳು ಎರಡೂ ಅಂಗೈಯಿಂದ ನನ್ನ ಬಾಯಿ ಮುಚ್ಚಿದಾಗ ಕಣ್ಣು ಬಿಟ್ಟೆ. ಅವಳ ಮುಖ ಕೆಂಪಗಿತ್ತು. ಗೋಡೆ ಕೆಂಪಗಿತ್ತು. ದೀಪ ಹೊತ್ತಿ ಹನ್ನೊಂದು ನಿಮಿಷವಾಗಿತ್ತು.

ಮೇಲುಸಾಲಿಗೆ ಏನೂ ಆಗಲಿಲ್ಲ. ಕೆಳಸಾಲಿನಲ್ಲಿ ಅಕ್ಕಪಕ್ಕದವರು ನೀರು ಕಂಡು ಓಡಿ ಹತ್ತಿದರು. ನನ್ನ ಅಕ್ಕ ಅಂಬವ್ವನ ಗಂಡ ಗುರುಸಿದ್ಧಪ್ಪ ಹತ್ತಲಿಲ್ಲ. ಮೊಣಕಾಲು ನೋವಿನ ಮನುಷ್ಯ, ರೇಡಿಯೋ ಪಕ್ಕದ ಕುರ್ಚಿಯಲ್ಲಿದ್ದರು. ಅಕ್ಕ ಅವರನ್ನು ಮೆಟ್ಟಿಲ ತನಕ ಎಳೆದು ತಂದಿದ್ದಳು, ಹತ್ತಿಸುವುದು ಅವಳ ಕೈಲಾಗಲಿಲ್ಲ; ಆ ಮೆಟ್ಟಿಲ ಬುಡದಲ್ಲೇ ಅವರು ನೀರಿನ ಪಾಲಾದರು. ಮೂರನೇ ದಿನ ನಾನು ಅವಳ ಬಾಗಿಲಲ್ಲಿ ಹೋಗಿ ನಿಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹಸಿ ಚಾಪೆ ಹಿಂಡುತ್ತ, ನನ್ನ ಕಡೆ ನೋಡದೆ, ಇಷ್ಟೇ ಅಂದಳು: "ಕಲ್ಯಾ, ನೀ ಮಾತಾಡಾಕತ್ತಿದ್ದಿ. ಅದಕ್ಕ ಕುಂತಿದ್ವಿ."

ಅಂದಿನಿಂದ ನಾನು ಮಾತುಮನೆಯ ಆ ಕೆಂಪು ದೀಪದ ಕೋಣೆಗೆ ಹೋಗಿರಲಿಲ್ಲ. ಈಗ ಹದಿಮೂರನೇ ತಿಂಗಳ ಉಬ್ಬರ ಬಂದಿದೆ, ವರ್ಷದ ದೊಡ್ಡದು. ನಾಳೆ ಬೆಳಿಗ್ಗೆ ಆರರ ಸುಮಾರಿಗೆ ಎನ್ನುತ್ತಾರೆ. ಆ ಹೊತ್ತಿನ ಪಾಳಿಗೆ ಯಾರನ್ನು ಕೂರಿಸುವುದೆಂದು ಹಿರಿಯರು ಚರ್ಚೆ ಮಾಡುತ್ತಿದ್ದಾಗ, ಹೋದ ವಾರ ದೂರಿನ ಕಾರ್ಯಕ್ರಮದಲ್ಲಿ ಒಂದು ಕಾಗದ ಓದಿದರು. ಓದಿದವನು ಗೊಂಡೆಹುಳದ ದೂರನ್ನು ಓದಿದಷ್ಟೇ ಸಮಾಧಾನದಿಂದ ಓದಿದ. ಕೆಳಸಾಲಿನ ಶ್ರೀಮತಿ ಅಂಬವ್ವ ಬರೆಯುತ್ತಾರೆ: ಉಬ್ಬರದ ಪಾಳಿಗೆ ನನ್ನ ತಮ್ಮನನ್ನೇ ಕೂರಿಸಿ, ಉಳಿದವರು ಮೆತ್ತಗೆ ಮಾತಾಡುತ್ತಾರೆ, ಅವರು ನಿಂತದ್ದು ಗೊತ್ತಾಗುವುದಿಲ್ಲ, ಇವನು ಸುಮ್ಮನಾದರೆ ಕಿವುಡರಿಗೂ ಗೊತ್ತಾಗುತ್ತದೆ. ನಿಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.

ಹಿರಿಯರು ಒಪ್ಪಿಬಿಟ್ಟರು. ನಾನು ಅವಳ ಮನೆಗೆ ಓಡಿದೆ. ಮೇಲುಸಾಲಿನ ನನ್ನ ಕೋಣೆಗೆ ಬಾರೇ ಅಕ್ಕ ಎಂದು ಕಾಲು ಹಿಡಿದೆ. "ನಿನ್ನ ಕೂಡ ಒಂದು ಕೋಣ್ಯಾಗ ಇದ್ರ ನನಗ ನಿದ್ದಿ ಎಲ್ಲಿಂದ ಬರಬೇಕೋ," ಎಂದು ನಕ್ಕಳು. ಆಮೇಲೆ ನಗಲಿಲ್ಲ. ಕುರ್ಚಿ ಅಲ್ಲೇ ಇದೆ, ರೇಡಿಯೋ ಪಕ್ಕ. ಈಗ ಅದರಲ್ಲಿ ಅವಳು ಕೂರುತ್ತಾಳೆ.

ಒಂದು ವಾರದಿಂದ ನಾನು ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ. ನಾನು ಮಾತಾಡುತ್ತಿರುವಾಗ ಮೊರಾಗ್ ಎದುರು ಕೂತು, ಕೆಂಪು ದೀಪದ ಬದಲಿಗೆ, ಮೇಣದಬತ್ತಿ ಹಚ್ಚುತ್ತಾಳೆ. ಹಚ್ಚಿದ ಕೂಡಲೇ ನಿಲ್ಲಬೇಕು. ಮೊದಲ ದಿನ ಪ್ರತಿ ಸಲವೂ ವಾಕ್ಯ ಮುಗಿಸಿದೆ. ನಿನ್ನೆ ಶಬ್ದ ಮುಗಿಸಿದೆ. ಇವತ್ತು ಬೆಳಿಗ್ಗೆ ಇಪ್ಪತ್ತು ಸಲದಲ್ಲಿ ಹದಿನೇಳು ಸಲ ನಡುಶಬ್ದದಲ್ಲೇ ನಿಂತೆ. ಉಳಿದ ಆ ಮೂರು ಸಲಕ್ಕೆ ಹೆದರಿ ಮಧ್ಯಾಹ್ನ ಮತ್ತೆ ಬತ್ತಿ ಹಚ್ಚಿಸಿದೆ. ನಿಮ್ಮ ಕಾಲದ ಆ ದಿನದ ಮಾತನ್ನೂ ಮತ್ತೆ ಮತ್ತೆ ಕೇಳಿದೆ, ಯಾರಾದರೂ ಎಲ್ಲಾದರೂ ನಿಂತಿದ್ದಾರೆಯೇ ಎಂದು. ನೀವು ಎಲ್ಲೂ ನಿಲ್ಲುವುದಿಲ್ಲ. ಒಬ್ಬರು ಉಸಿರು ತೆಗೆದುಕೊಂಡರೆ ಇನ್ನೊಬ್ಬರು ಒಳಗೆ ಬರುತ್ತೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ: ನಿಮ್ಮ ಮನೆಯಲ್ಲಿ ದಿನವಿಡೀ ವಟಗುಟ್ಟುವವರು ಒಬ್ಬರು ಇದ್ದೇ ಇರುತ್ತಾರೆ. ಅವರು ನಡುಮಾತಿನಲ್ಲಿ ನಿಂತರೆ, ನನ್ನ ಹಾಗೆ ನೀವು ಎತ್ತಿಕೊಂಡು ಮುಂದುವರಿಸಬೇಡಿ. ಕಣ್ಣು ಬಿಟ್ಟು ಅವರ ಮುಖ ನೋಡಿ.

ಮಹಾಜನಗಳೇ, ಹೊರಗೆ ಗಾಳಿ ದಿಕ್ಕು ಬದಲಿಸಿದೆ, ಹಾಗಾಗಿ ಇಲ್ಲಿಗೇ ಸಾಕು. ನಾಳೆ ಬೆಳಿಗ್ಗೆ ಐದಕ್ಕೆ ಎದ್ದು, ಕನ್ನಡಕಕ್ಕೆ ದಾರ ಕಟ್ಟಿ ಕಿವಿಗೆ ಬಿಗಿದುಕೊಂಡು, ಆ ದೀಪದ ಎದುರು ಕೂರುತ್ತೇನೆ. ಕಣ್ಣು ಮುಚ್ಚುವುದಿಲ್ಲ. ಕೆಳಸಾಲಿನ ತಟ್ಟೆಗಳೆಲ್ಲ ನಡುಗುವ ಹಾಗೆ, ನನ್ನ ಅಜ್ಜಿಯ ಕಂಪನಿಯ ಪೂರ್ತಿ ದನಿಯಲ್ಲಿ, ಗಾಳಿ ಮತ್ತು ಅಲೆಯ ಸೂಚನೆ ಓದುತ್ತೇನೆ. ದೀಪ ಹೊತ್ತಿದರೆ ಆ ಅಕ್ಷರದಲ್ಲೇ ನಿಂತು, ಅಕ್ಕ ಹತ್ತಬೇಕಾದ ಹದಿನಾಲ್ಕು ಮೆಟ್ಟಿಲುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸುತ್ತೇನೆ.