ಪತ್ರಿ ಗಿಡದಲ್ಲಿ ನಿಮ್ಮ ಹೆಸರಿನವರು

ಸೇಡಂ
ಯುವನಾಮ ಸಂವತ್ಸರ, ಶ್ರಾವಣ ಶುದ್ಧ ಅಷ್ಟಮಿ, ಬುಧವಾರ

ಹೆಸರು ಬರೆಯಬಾರದ ನಮ್ಮವರಿಗೆ, ಗುರುದೇವಿಯ ಶರಣಾರ್ಥಿಗಳು.

ಹೇಗಿದ್ದೀರಿ? ಚಿಂಚೋಳಿಯ ಕಾಡಿನ ಥಂಡಿಗೆ ನಿಮ್ಮ ಕೆಮ್ಮು ಮತ್ತೆ ಎದ್ದಿದೆಯೋ ಏನೋ. ಎದೆಗೆ ತಿಕ್ಕಿಕೊಳ್ಳಿ ಎಂದು ಕೊಟ್ಟ ಎಣ್ಣೆಯನ್ನು ನಿಮ್ಮ ಜಂಗಲಾತ್ ಕಚೇರಿಯ ಬಾಗಿಲು ಕಿರುಗುಟ್ಟುತ್ತದೆಂದು ಅದಕ್ಕೆ ಹಾಕಿ ಮುಗಿಸಿರುತ್ತೀರಿ, ನನಗೆ ಗೊತ್ತಿಲ್ಲವೆ. ಖಾನಾವಳಿಯವನ ರೊಟ್ಟಿ ಈಗಲಾದರೂ ಬೇಯುತ್ತದೆಯೆ? ಇಲ್ಲಿ ಎಲ್ಲರೂ ಸೌಖ್ಯ. ಮಾವನವರು ತಮ್ಮ ಕನ್ನಡಕವನ್ನು ತಾವೇ ಹಣೆಯ ಮೇಲೆ ಏರಿಸಿಕೊಂಡು ಮನೆಮಂದಿಗೆಲ್ಲ ಹುಡುಕಲು ಹಚ್ಚುವುದು ಮೊದಲಿನಂತೆಯೇ ನಡೆದಿದೆ. ಅತ್ತೆಯವರ ಮೊಣಕಾಲು ಮಳೆ ಬರುವ ಮುಂಚೆ ನೋಯುತ್ತದೆ, ಮಳೆ ಬಾರದಿದ್ದರೆ ಮಳೆಯ ಮೇಲೆ ಸಿಟ್ಟಾಗುತ್ತಾರೆ. ಎಮ್ಮೆ ಈದಿದೆ. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚಿಕ್ಕಿ.

ಇನ್ನು ನನ್ನ ಮಾತು. ಮೊದಲು ಒಂದಿಷ್ಟು ಸಿಟ್ಟು ತೀರಿಸಿಕೊಳ್ಳುತ್ತೇನೆ, ಆಮೇಲೆ ಸುದ್ದಿ. ಚಿಂಚೋಳಿಯಲ್ಲಿ ಎರಡು ಖೋಲಿಯ ಮನೆ ಸಿಕ್ಕಿದೆ, ಪಂಚಮಿಗೆ ಬಂದು ನಿನ್ನನ್ನು ಕರಕೊಂಡು ಹೋಗುತ್ತೇನೆ ಎಂದು ಬರೆದವರು ನೀವು. ಆ ಮಾತು ನಂಬಿ, ಚಿತ್ತಾಪುರದಿಂದ ಅಣ್ಣ ಕರೆಯಲು ಬಂದರೂ ತವರಿಗೆ ಹೋಗಲಿಲ್ಲ. ಪಂಚಮಿಗೆ ತವರಿನ ಜೋಕಾಲಿ ಬಿಟ್ಟು ಅತ್ತೆಯ ಮನೆಯಲ್ಲಿ ಕುಳಿತ ಹೆಣ್ಣುಮಗಳು ಈ ಓಣಿಯಲ್ಲಿ ನಾನೊಬ್ಬಳೇ. ಅಣ್ಣ ತಿರುಗಿ ಹೋದ ಮೇಲೆ ನಿಮಗೆ ರಜೆ ಸಿಗಲಿಲ್ಲವೆಂದು ಪತ್ರ ಬಂತು. ಅದು ನಿಮ್ಮ ತಪ್ಪಲ್ಲ, ಒಪ್ಪಿದೆ. ಆದರೆ ಅತ್ತೆಯವರಿಗೆ ಅಷ್ಟೇ ಸಾಕಾಯಿತು. ಮೊದಲು ಶ್ರಾವಣ ಮುಗಿಯಲಿ ಎಂದರು, ಆಮೇಲೆ ದಸರೆ ಎಂದರು, ಹೋದ ವಾರ ತೊಗರಿ ರಾಶಿಯಾದ ಮೇಲೆ ನೋಡೋಣ ಎಂದರು. ತೊಗರಿಯನ್ನು ಇನ್ನೂ ಈಗ ಬಿತ್ತಿದ್ದಾರೆ. ಮದುವೆಯಾದಾಗಿನಿಂದ ನಾನು ನಿಮ್ಮನ್ನು ನೋಡಿದ್ದಕ್ಕಿಂತ ನೀವು ಹೇಳಿಕೊಟ್ಟ ಪಾತರಗಿತ್ತಿಗಳನ್ನು ನೋಡಿದ್ದೇ ಹೆಚ್ಚು.

ಅವುಗಳ ಸುದ್ದಿ ಹೇಳಲೇಬೇಕು, ಇಲ್ಲದಿದ್ದರೆ ನೀವು ಪತ್ರವನ್ನು ಅರ್ಧಕ್ಕೆ ಮಡಚಿಡುತ್ತೀರಿ. ಯುಗಾದಿಗೆ ಬಂದಾಗ ಹೇಳಿದಿರಲ್ಲ, ಮೊದಲು ರೆಕ್ಕೆಯ ಮೇಲಿನ ಗುರುತು ನೋಡಬೇಕು, ಆಮೇಲೆ ಅದರ ಹುಳ ಯಾವ ಗಿಡದ ಎಲೆ ತಿನ್ನುತ್ತದೆ ಎಂದು ನೋಡಬೇಕು, ಎರಡೂ ಕೂಡಿದರೆ ಜಾತಿ ಗೊತ್ತಾಗುತ್ತದೆ ಎಂದು. ನಿಮ್ಮ ಸಾಹೇಬರ ಪುಸ್ತಕದ ಹೆಸರುಗಳು ನನ್ನ ನಾಲಗೆಗೆ ಹೊರಳುವುದಿಲ್ಲ, ಅದಕ್ಕೆ ನಾನು ಸೀರೆಯ ಲೆಕ್ಕದಲ್ಲಿ ಗುರುತಿಟ್ಟಿದ್ದೇನೆ. ಎಕ್ಕಿ ಗಿಡದಲ್ಲಿ ಹುಟ್ಟುವ ಕೇಸರಿ ಬಣ್ಣದ್ದಕ್ಕೆ ಕಪ್ಪು ಅಂಚು, ಅಂಚಿನೊಳಗೆ ಬಿಳಿ ಚಿಕ್ಕಿ, ಸಾಕ್ಷಾತ್ ಇಲಕಲ್ ಸೀರೆಯ ಚಿಕ್ಕಿ ಪರಾಸ ದಡಿ. ಔಡಲ ಗಿಡದ್ದು ಇಟ್ಟಿಗೆ ಬಣ್ಣ, ಮೈತುಂಬ ಸುಕ್ಕು ಗೆರೆ. ತೊಳೆದು ಹಿಂಡಿ ಝಾಡಿಸದೆ ಒಣಹಾಕಿದ ಸೀರೆ ಅದು. ಅತ್ತೆಯವರು ಅದನ್ನು ಕಂಡಾಗೆಲ್ಲ ನನ್ನ ಕಡೆ ನೋಡುತ್ತಾರೆ.

ಮತ್ತೆ ಒಂದು ಮಾತು. ಹಿಂದಿನ ಪತ್ರದಲ್ಲಿ ನೀವು ನಮ್ಮ ಹಿತ್ತಲಿನ ಕರಿಯ ಪಾತರಗಿತ್ತಿಯ ಬಗ್ಗೆ, ಹಿಂದಿನ ರೆಕ್ಕೆಗೆ ಕೆಂಪು ಬೊಟ್ಟುಗಳಿವೆ ಎಂದ ಮೇಲೆ ಅದು ಈಶ್ವರಬಳ್ಳಿಯದೇ, ವಿಷದ ಹುಳ, ಹಕ್ಕಿ ಸಹ ಮುಟ್ಟುವುದಿಲ್ಲ ಎಂದು ದೊಡ್ಡ ಪಂಡಿತರಂತೆ ಬರೆದಿರಿ. ನಮ್ಮ ಹಿತ್ತಲಿನಲ್ಲಿ ಈಶ್ವರಬಳ್ಳಿ ಎಲ್ಲಿದೆ? ಅದು ಮೊಟ್ಟೆ ಇಟ್ಟದ್ದು ಕರಿಬೇವಿನ ಮೇಲೆ. ನಾನು ಒಗ್ಗರಣೆ ಬಿಟ್ಟು ನಿಂತು ನೋಡಿದ್ದೇನೆ, ಸಾಸಿವೆ ಹೊತ್ತಿದ್ದಕ್ಕೆ ಬೈಸಿಕೊಂಡೂ ಇದ್ದೇನೆ. ಈಶ್ವರಬಳ್ಳಿಯದಕ್ಕೆ ಮೈಯೂ ಕೆಂಪು ಎಂದು ನೀವೇ ಹೇಳಿದ್ದಿರಿ, ಇದರದು ಬರೀ ಕಪ್ಪು ಮೈ. ಇದರ ಗಂಡ ಬರುತ್ತಾನೆ, ಅವನೂ ಕಪ್ಪು, ಒಂದೇ ಸಾಲು ಬಿಳಿ ಚಿಕ್ಕಿ, ಒಂದು ಹನಿ ಕೆಂಪಿಲ್ಲ. ಅಂದರೆ ಇವಳು ನೆರೆಯವಳ ಸೀರೆ ಉಟ್ಟುಕೊಂಡು ನಾನೂ ವಿಷದವಳೇ ಎಂದು ಹಕ್ಕಿಗಳನ್ನು ಹೆದರಿಸುವ ಹೆಂಗಸು. ಹಕ್ಕಿಗಳು ಮೋಸ ಹೋದವು, ನೀವೂ ಹೋದಿರಿ. ಸಾಹೇಬರಿಗೆ ಹೇಳಿದ್ದರೆ ಮೆಲ್ಲಗೆ ತಿದ್ದಿಕೊಳ್ಳಿ.

ಈಗ ಪತ್ರಿ ಗಿಡದ ಕಥೆ. ಅಂಗಳದ ಫರಸಿ ಕಲ್ಲಿನ ಸಂದಿಯಲ್ಲಿ ಮಾವನವರು ಹಚ್ಚಿದ ಬಿಲ್ವ ಈ ವರ್ಷ ಚೆನ್ನಾಗಿ ಚಿಗುರಿತ್ತು. ಶ್ರಾವಣ ಸೋಮವಾರಕ್ಕೆ ಆದೀತೆಂದು ಅತ್ತೆಯವರು ಒಂದು ಎಲೆಯನ್ನೂ ಯಾರಿಗೂ ಕೊಡದೆ ಕಾದಿದ್ದರು. ಅವರ ಕಣ್ಣು ತಪ್ಪಿಸಿ ನಾಲ್ಕೈದು ಹುಳಗಳು ಮೊದಲೇ ಪಾಲು ತೆಗೆದುಕೊಂಡಿದ್ದವು. ಚಿಕ್ಕವಿದ್ದಾಗ ಹಕ್ಕಿಯ ಹಿಕ್ಕೆಯಂತೆ ಬಿದ್ದಿದ್ದವು, ಯಾರೂ ತಿರುಗಿ ನೋಡಲಿಲ್ಲ. ಬೆಳೆದ ಮೇಲೆ ಹಸಿರಾದವು. ಕಪ್ಪಿನ ಮೇಲೆ ಹಳದಿ ಚುಕ್ಕೆ, ಹಿಂದಿನ ರೆಕ್ಕೆಯ ತುದಿಗೆ ಒಂದು ಕೆಂಪು ಬೊಟ್ಟು ಇರುವ ನಿಂಬೆ ಗಿಡದ ಪಾತರಗಿತ್ತಿ ಇದೆಯಲ್ಲ, ಅದರ ಹುಳಗಳು. ಅದು ಪತ್ರಿಯ ಎಲೆಯನ್ನೂ ತಿನ್ನುತ್ತದೆಯೋ ನೋಡು ಎಂದು ನೀವೇ ಹೇಳಿದ್ದಿರಿ. ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಇನ್ನು ಒಂದೆರಡು ದಿನದಲ್ಲಿ ಗೂಡು ಕಟ್ಟುತ್ತವೆ, ಅಲ್ಲಿಯವರೆಗೆ ಅತ್ತೆಯವರ ಮೊಣಕಾಲು ಅವರನ್ನು ಗಿಡದ ಹತ್ತಿರ ಬಿಡದಿದ್ದರೆ ಸಾಕು ಎಂದುಕೊಂಡಿದ್ದೆ.

ಪಂಚಮಿಯ ಬೆಳಗ್ಗೆ ಮೊಣಕಾಲಿಗೆ ಪೂರ್ತಿ ಗುಣವಾಯಿತು. ಅತ್ತೆಯವರು ಹೋಗಿ ಪತ್ರಿ ಹರಿಯಲು ಕೈ ಹಾಕಿದ್ದಾರೆ, ಬೆರಳು ಹುಳಕ್ಕೆ ತಾಗಿದೆ. ಮುಟ್ಟಿದರೆ ಅದು ಏನು ಮಾಡುತ್ತದೆಂದು ನಿಮಗೆ ಗೊತ್ತಲ್ಲ. ಕತ್ತು ಎತ್ತಿತು, ತಲೆಯ ಹಿಂದಿನಿಂದ ಕೆಂಪಗೆ ಎರಡು ಸೀಳಿನ ಕೋಡು ಹೊರಗೆ ಚಾಚಿತು, ಗಬ್ಬೆಂದು ವಾಸನೆ ಬಿಟ್ಟಿತು. ಪಂಚಮಿಯ ದಿನ, ಶಿವನ ಗಿಡ, ಮೇಲೆತ್ತಿದ ಹೆಡೆ, ಸೀಳು ನಾಲಗೆ. ಅತ್ತೆಯವರು ಅಲ್ಲೇ ಫರಸಿಯ ಮೇಲೆ ಅಡ್ಡಬಿದ್ದರು. ನಾನು ಬಿದ್ದೇ ಬಿಟ್ಟರೆಂದು ಓಡಿ ಬಂದು ಎಬ್ಬಿಸಹೋದೆ, ನನ್ನನ್ನೂ ಜಗ್ಗಿ ಕೆಡವಿದರು.

ಆಮೇಲೆ ಅವರು ಕೂಗಿ ಹೇಳಿದ ಮಾತನ್ನು ಇಲ್ಲಿ ಬರೆಯುವುದು ಕಷ್ಟ. ದೇವರ ಹೆಸರೂ ಮನೆಯಲ್ಲಿ ನಿಮ್ಮನ್ನು ಕರೆಯುವ ಹೆಸರೂ ಒಂದೇ ಆದ್ದರಿಂದ ಗೆರೆ ಎಳೆಯುತ್ತೇನೆ, ನೀವೇ ತುಂಬಿಕೊಳ್ಳಿ. “ಪತ್ರಿ ಗಿಡದಾಗ ———ಪ್ಪ ಬಂದಾನ” ಎಂದರು. ಮರಿಗಳನ್ನು ಕರಕೊಂಡು ಬಂದಿದ್ದಾನೆ ಎಂದೂ ಸೇರಿಸಿದರು. ಅರ್ಧ ತಾಸಿನಲ್ಲಿ ಓಣಿಯ ಹೆಂಗಸರೆಲ್ಲ ಹಾಲಿನ ತಂಬಿಗೆ, ಅಳ್ಳು, ಉಂಡಿ ಹಿಡಿದು ಅಂಗಳ ತುಂಬಿದರು. ಮಠದ ಮಡಿವಾಳಯ್ಯನವರನ್ನೂ ಕರೆಸಿದರು. ಅಯ್ಯನವರು ಹತ್ತಿರ ಹೋಗಲಿಲ್ಲ. ಕಟ್ಟೆಯ ಮೇಲೆ ನಿಂತು, ಕಣ್ಣ ಮೇಲೆ ಕೈ ಇಟ್ಟು, ದೂರದಿಂದಲೇ ಹೌದು ಅವನೇ ಎಂದು ಗುರುತು ಹಿಡಿದರು.

ಅಷ್ಟು ಹೊತ್ತಿಗೆ ಯಾರೋ ಒಂದು ತಂಬಿಗೆ ಹಾಲು ಸುರುವಿಯಾಗಿತ್ತು. ಒಂದು ಹುಳ ಹಾಲಿನೊಂದಿಗೆ ಜಾರಿ ಕೆಳಗೆ ಬಿತ್ತು. ದಿನಾ ನೋಡಿ ಬೆಳೆಸಿದ ಹುಳಗಳವು, ನಿಮಗೆ ತೋರಿಸಬೇಕೆಂದು ಕಾದಿದ್ದೆ. ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಹಾಲು ಹಾಕಬೇಡಿ, ಇದು ಪಾತರಗಿತ್ತಿಯ ಹುಳ ಎಂದೆ. ಮಡಿವಾಳಯ್ಯನವರಿಗೆ ಸಿಟ್ಟು ಬಂತು. “ಹಂಗಿದ್ರ ಇದು ಇಂಥಾವ ಅಲ್ಲಂತ ಹೆಸರ ತಗೊಂಡು ಹೇಳಲಿ. ಪಂಚಮಿ ದಿನ ಸುಳ್ಳ ಹೇಳಿದ್ರ ಏನಾಗತದ ಗೊತ್ತದ” ಎಂದರು.

ನನ್ನ ಫಜೀತಿ ನೋಡಿರಿ. ಹೆಸರು ತೆಗೆದುಕೊಂಡರೆ ನಿಮ್ಮ ಆಯುಷ್ಯ ಕಡಿಮೆ. ಹಾವು ಎಂದರೆ ಪಂಚಮಿಯ ದಿನ ಅತ್ತೆಯವರು ಬಾಯಿ ಮೇಲೆ ಹೊಡೆಯುತ್ತಾರೆ. ಸುಮ್ಮನಿದ್ದರೆ ಹುಳಗಳು ಹಾಲಿನಲ್ಲಿ ಮುಳುಗುತ್ತವೆ. ಏನೂ ತೋಚದೆ, “ಇದು ನಮ್ಮನಿಯವರಲ್ಲರಿ” ಎಂದುಬಿಟ್ಟೆ.

ನಾನು ಹೇಳಿದ್ದರ ಅರ್ಥ ನನಗೇ ತಡವಾಗಿ ತಿಳಿಯಿತು. ಹಿಂದೆ ನಿಂತವರಿಗೆ ಸರಿಯಾಗಿ ಕೇಳಿಸಿರಲಿಲ್ಲ, ಮುಂದಿನವರು ಹೇಳಿದರು, ಅವರು ಬಾಗಿಲಲ್ಲಿದ್ದವರಿಗೆ ಹೇಳಿದರು. ಓಣಿಗೆ ಮುಟ್ಟುವ ಹೊತ್ತಿಗೆ, ಸೊಸೆಗೆ ಗಿಡದಲ್ಲಿ ಗಂಡ ಕಂಡನಂತೆ, ಹಾಲು ಹಾಕಬೇಡಿ ಅವರಿಗೆ ಥಂಡಿ ಆಗುತ್ತದೆ ಅಂದಳಂತೆ ಎಂದಾಗಿತ್ತು. ನಿಮ್ಮ ಕೆಮ್ಮಿನ ಸುದ್ದಿ ಓಣಿಗೆಲ್ಲ ಗೊತ್ತಿದೆ ನೋಡಿ. ಬಳೆ ಇಡಿಸಲು ಬಂದಿದ್ದ ಜೈತುನ್ಬೀ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅವಳೇ ದಾರಿ ತೋರಿಸಿದಳು. “ಒಡಪಿನ್ಯಾಗ ಹೇಳವ್ವಾ. ಒಡಪು ಕಟ್ಟಿ ಗಂಡನ ಹೆಸರ ಹೇಳಿದ್ರ ನಿಮ್ಮಲ್ಲಿ ದೋಷ ಇಲ್ಲಲ್ಲ” ಎಂದಳು. ಮದುವೆಯಲ್ಲಿ ನಿಮ್ಮ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಒಂದು ಒಡಪೂ ಬಾರದೆ ಅತ್ತವಳು ನಾನು. ಮೊನ್ನೆ ಎಲ್ಲಿಂದ ಬಂತೋ, ಗಿಡಕ್ಕೆ ಬೆನ್ನು ಕೊಟ್ಟು ನಿಂತು ಹೇಳಿಯೇಬಿಟ್ಟೆ. ಒಡಪಿನಲ್ಲಿ ಬಂದದ್ದಾದ್ದರಿಂದ ಇಲ್ಲಿ ಬರೆಯಲೂ ಅಡ್ಡಿಯಿಲ್ಲ.

ಪತ್ರಿ ಎಲಿ ತಿಂತದ, ಹಾಲು ಕುಡಿಯಂಗಿಲ್ಲ,
ರೆಕ್ಕಿ ಮೂಡಿ ಹಾರತದ, ಬುಸ್ಸ ಅನ್ನಂಗಿಲ್ಲ,
ಚಿಂಚೋಳಿ ಜಂಗಲದಾಗ ನಾಗೇಂದ್ರಪ್ಪನವರು ಇರೂತನಕಾ
ಸೇಡಮ್ಮಿನ ಗಿಡದಾಗ ಇನ್ನೊಬ್ಬ ನಾಗಪ್ಪ ಇರಂಗಿಲ್ಲ.

ಹೆಂಗಸರೆಲ್ಲ ನಕ್ಕರು. ತಂಬಿಗೆಗಳು ಕೆಳಗಿಳಿದವು, ಉಳಿದ ಹಾಲು ಎಮ್ಮೆಯ ಕರುವಿಗೂ ಓಣಿಯ ಮಕ್ಕಳಿಗೂ ಹೋಯಿತು. ಬಿದ್ದ ಹುಳವನ್ನು ಎಲೆಯಿಂದ ಎತ್ತಿ ಒರೆಸಿದೆ, ಬದುಕಿದೆ. ಎಲ್ಲವನ್ನೂ ಟೊಂಗೆಯ ಸಮೇತ ರೊಟ್ಟಿಯ ಬುಟ್ಟಿಯಲ್ಲಿಟ್ಟು ಮೇಲೆ ತೆಳುವಾದ ಅರಿವೆ ಕಟ್ಟಿದ್ದೇನೆ. ಮರುದಿನವೇ ಎರಡು ಗೂಡು ಕಟ್ಟಿದವು. ಟೊಂಗೆಗೆ ಒರಗಿ, ಬೆನ್ನಿನ ಸುತ್ತ ಒಂದು ಎಳೆ ದಾರ ಬಿಗಿದುಕೊಂಡು ಕುಳಿತಿವೆ. ಸೋಮವಾರದ ಪೂಜೆಗೆ ಬಂದ ಮಡಿವಾಳಯ್ಯನವರು ಬುಟ್ಟಿಯನ್ನು ಈ ಸಲ ಹತ್ತಿರದಿಂದಲೇ ನೋಡಿದರು. ಅದು ಶಿವದಾರ, ಹುಳ ಲಿಂಗದೀಕ್ಷೆ ತೆಗೆದುಕೊಂಡಿದೆ, ತಾವು ಅವತ್ತು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಹೇಳಿ ದಕ್ಷಿಣೆ ತೆಗೆದುಕೊಂಡು ಹೋದರು.

ಆದರೆ ಅತ್ತೆಯವರು ಮಾತ್ರ ನಗಲಿಲ್ಲ. ಅವತ್ತಿನಿಂದ ನನ್ನನ್ನು ಹೇಗೋ ನೋಡುತ್ತಾರೆ. ಬೈಯುವುದನ್ನು ಬಿಟ್ಟಿದ್ದಾರೆ, ಅದೇ ನನಗೆ ದೊಡ್ಡ ಹೆದರಿಕೆಯಾಗಿದೆ. ನಿನ್ನೆ ತಾವೇ ಕರೆದು ನೆತ್ತಿಗೆ ಎಣ್ಣೆ ತಟ್ಟಿದರು. ಮಾವನವರ ಜೊತೆ ಮೆಲ್ಲಗೆ ಮಾತಾಡುತ್ತಾರೆ, ನಾನು ಹೋದರೆ ಮೊಣಕಾಲಿನ ಮಾತು ತೆಗೆಯುತ್ತಾರೆ. ಮಂದಿಯ ಮುಂದೆ ಮಾತಾಡಿ ಮನೆಯ ಮಾನ ಕಳೆದೆನೆಂದು ಸಿಟ್ಟೇ ಇರಬೇಕು. ಹಾಗಾದರೆ ತೊಗರಿ ರಾಶಿಯಾದ ಮೇಲೂ ನನ್ನನ್ನು ಕಳಿಸುವುದಿಲ್ಲ. ಇದನ್ನು ಬರೆಯುವಾಗ ಅಳು ಬರುತ್ತದೆ, ಅಕ್ಷರ ಕದಡಿದ್ದರೆ ಮಳೆ ಎಂದು ತಿಳಿಯಿರಿ. ಒಂದು ಸಾಲು ಅತ್ತೆಯವರಿಗೆ ನೀವೇ ಬರೆದರೆ ಆದೀತೇನೋ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಮಾವನವರದೂ ಅತ್ತೆಯವರದೂ ನಿಮಗೆ ಆಶೀರ್ವಾದ, ಕರುವಿನದು ನಮಸ್ಕಾರ. ಬಸವಣ್ಣ ನಿಮ್ಮ ಕೆಮ್ಮನ್ನೂ ನನ್ನ ಬಾಯನ್ನೂ ಹತೋಟಿಯಲ್ಲಿಡಲಿ.

ನಿಮ್ಮ,
ಗುರುದೇವಿ

ತಾ.ಕ. ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಈಗ ಅತ್ತೆಯವರು ಬಂದು ಪಕ್ಕದಲ್ಲಿ ಕುಳಿತರು. “ಹುಳದಾಗ ಗಂಡನ್ನ ಕಾಣೂಮಟ ಬಂದಿ. ಇನ್ನ ನಿನ್ನ ಇಲ್ಲಿ ಇಟಗೊಂಡ್ರ ಪಾಪ ನನಗ ಸುತ್ತತದ” ಎಂದರು. ಅದು ಅವರಲ್ಲ ಎಂದೇ ನಾನು ಹೇಳಿದ್ದು ಅತ್ತಿ ಎಂದೆ. “ಅಲ್ಲಂತ ಯಾರ ಹೇಳತಾರ? ಹೌದು ಅನಿಸಿದವರ ಹೇಳತಾರ” ಎಂದರು. ನಾನು ವಾದ ಮಾಡಲಿಲ್ಲ, ಅಷ್ಟು ಹುಚ್ಚು ನನಗೆ ಹಿಡಿದಿಲ್ಲ. ಶುಕ್ರವಾರ ಇಸಾಕನ ಬಂಡಿ ಗೊತ್ತುಮಾಡಿದ್ದಾರೆ, ಕಾಗಿಣಿ ಹೊಳೆಯ ನೀರು ಇಳಿದಿದೆಯಂತೆ, ಮಾವನವರು ಜೊತೆಗೆ ಬರುತ್ತಾರೆ. ಖೋಲಿ ಕಸ ಹೊಡೆಸಿಡಿ, ಖಾನಾವಳಿಯವನ ಲೆಕ್ಕ ಮುಗಿಸಿ, ಗೂಡಿನ ಬುಟ್ಟಿ ಇಡಲು ಇರುವೆ ಬಾರದ ಜಾಗ ನೋಡಿ. ನಿಮ್ಮನ್ನು ಕರೆಯಲು ಒಂದು ಹೆಸರನ್ನೂ ಹುಡುಕಿಡಿ, ಜಂಗಲಾತ್ ಕಚೇರಿಯ ಮುಂದೆ ನಿಂತು “ರೀ” ಎಂದರೆ ಎಲ್ಲ ಗಂಡಸರೂ ತಿರುಗಿ ನೋಡುತ್ತಾರೆ. ಸೊಸೆಗೆ ತುಸು ಹುಚ್ಚು ಹಿಡಿದಿದೆ, ಜೋಪಾನ ಎಂದು ಮಾವನವರು ನಿಮಗೆ ಗುಟ್ಟಾಗಿ ಹೇಳಬಹುದು, ನಗದೆ ಕೇಳಿಸಿಕೊಳ್ಳಿ. ಯಾಕೆಂದರೆ ಅತ್ತೆಯವರು ಹೇಳಿದ್ದು ಸುಳ್ಳಲ್ಲ. ಆ ಹುಳ ಕತ್ತೆತ್ತಿ ಕೋಡು ಚಾಚಿದಾಗ, ಊಟಕ್ಕೆ ಕರೆದರೆ ನೀವು ಪುಸ್ತಕದಿಂದ ಮುಖ ಎತ್ತಿ ಸಿಡುಕುವುದೇ ನನ್ನ ಕಣ್ಣ ಮುಂದೆ ಬಂದಿತ್ತು.